ಕಡಲಿಲ್ಲದ ಊರಿನಿಂದ ಕಡಲಾಳಕ್ಕೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ತಾಲೂಕುಗಳ ಹೆಣ್ಣು ಮಕ್ಕಳಿಗೆ ನೀರು ಹೊಸದೇನಲ್ಲ. ಕೃಷ್ಣೆ, ದೂಧಗಂಗಾ, ವೇದಗಂಗಾ ಹರಿಯುವ ಸೀಮೆ ಇದು. ಬೇಸಿಗೆಯಲ್ಲಿ ಇದೇ ಕೃಷ್ಣೆಯ ಪಾತ್ರ ಬತ್ತಿ ಕೊಡ ಹಿಡಿದು ಅಲೆಯುವುದೂ ಗೊತ್ತು, 2005ರಲ್ಲಿ ಮತ್ತು 2019ರ ಆಗಸ್ಟ್‌ನಲ್ಲಿ ಬಂದಂಥ ಮಹಾಪೂರಕ್ಕೆ ಮನೆ ಬಿಟ್ಟು ಮಕ್ಕಳನ್ನು ಎತ್ತಿಕೊಂಡು ನಡೆಯುವುದೂ ಗೊತ್ತು. ಆದರೆ ನೀರಿನೊಂದಿಗೆ ನಮಗಿರುವ ಸಂಬಂಧ ಬಹಳ ಮಟ್ಟಿಗೆ ಎರಡೇ ಬಗೆಯದು. ಒಂದು ದುಡಿಮೆಯದು, ಇನ್ನೊಂದು ಭಯದ್ದು.

ನಮ್ಮ ಕಡೆ ಗಂಡು ಮಕ್ಕಳು ಈಸು ಕಲಿಯುವ ರೀತಿ ಎಲ್ಲರಿಗೂ ತಿಳಿದದ್ದೇ. ಬೇಸಿಗೆ ರಜೆ ಬಂತೆಂದರೆ ಚಿಕ್ಕಪ್ಪನೋ ಮಾವನೋ ಹುಡುಗನ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಹೊಲದ ಬಾವಿಗೆ ಇಳಿಸುತ್ತಾರೆ. ಕೆಲವೇ ದಿನಗಳಲ್ಲಿ ಡಬ್ಬಿ ಬಿಚ್ಚಿಟ್ಟು ಹುಡುಗ ಮೀನಿನಂತೆ ಈಸತೊಡಗುತ್ತಾನೆ. ಅವನ ತಂಗಿ ಮಾತ್ರ ಅಣ್ಣನ ಅಂಗಿ ಹಿಡಿದುಕೊಂಡು ದಂಡೆಯ ಮೇಲೆ ನಿಂತಿರುತ್ತಾಳೆ. ಅವಳು ಬೆಳೆದು ತಾಯಿಯಾದ ಮೇಲೂ ನೀರು ಕಂಡರೆ ಮಕ್ಕಳ ಕೈಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ.

ಇಂಥ ಸೀಮೆಯವರಿಗೆ ‘ಸ್ಕೂಬಾ ಡೈವಿಂಗ್’ ಎಂದರೆ ಅದು ಶ್ರೀಮಂತರ, ವಿದೇಶಿಯರ, ಸಿನಿಮಾದವರ ಆಟ ಎನಿಸುವುದು ಸಹಜ. ಪುನೀತ್ ರಾಜಕುಮಾರ್ ಅವರ ‘ಗಂಧದ ಗುಡಿ’ 2022ರ ಅಕ್ಟೋಬರ್‌ನಲ್ಲಿ ತೆರೆಕಂಡಾಗ ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪದ ನೀರಿನಾಳವನ್ನು ಕನ್ನಡದ ಸಾವಿರಾರು ಕುಟುಂಬಗಳು ಮೊದಲ ಬಾರಿಗೆ ಕಂಡವು. ನಮ್ಮದೇ ರಾಜ್ಯದ ಕಡಲಿನಡಿ ಇಷ್ಟೆಲ್ಲ ಬಣ್ಣ ಇದೆಯೇ ಎಂದು ಅಚ್ಚರಿಪಟ್ಟವರು ಬಹಳ ಮಂದಿ. ಆ ಅಚ್ಚರಿ ಕೆಲವರಲ್ಲಿ ಜೀವಮಾನದ ಹವ್ಯಾಸವಾಗಿ ಬೆಳೆದದ್ದುಂಟು. ಅವರಲ್ಲಿ ಎಲ್ಲರೂ ಕಡಲ ತಡಿಯಲ್ಲಿ ಹುಟ್ಟಿದವರಲ್ಲ, ಎಲ್ಲರೂ ಎಳೆಯ ಪ್ರಾಯದವರೂ ಅಲ್ಲ.

ಡಾನ್ಯೂಬ್ ದಂಡೆಯ ಹುಡುಗಿ

ಆಸ್ಟ್ರಿಯಾ ಯುರೋಪಿನ ನಟ್ಟನಡುವೆ ಇರುವ ದೇಶ. ನಮ್ಮ ಚಿಕ್ಕೋಡಿಯಂತೆಯೇ ಅದಕ್ಕೂ ಕಡಲ ದಂಡೆಯಿಲ್ಲ. ಅದರ ರಾಜಧಾನಿ ವಿಯೆನ್ನಾದಲ್ಲಿ 1928ರಲ್ಲಿ ಹುಟ್ಟಿದವರು ಲೊಟ್ಟೆ. ಶಾಲೆ ಮುಗಿಸಿದ ಮೇಲೆ ಹಾನ್ಸ್ ಹಾಸ್ ಎಂಬ ಕಡಲ ಸಂಶೋಧಕರ ಕಚೇರಿಯಲ್ಲಿ ಕಾರ್ಯದರ್ಶಿಯ ಕೆಲಸಕ್ಕೆ ಸೇರಿದರು. ಪತ್ರ ಬರೆಯುವುದು, ಫೈಲು ಜೋಡಿಸುವುದು ಅವರ ಕೆಲಸ. ಆದರೆ ಮೇಜಿನ ಮೇಲೆ ಬಂದು ಬೀಳುತ್ತಿದ್ದ ನೀರಿನಡಿಯ ಚಿತ್ರಗಳು ಅವರ ಮನಸ್ಸನ್ನು ಬೇರೆಡೆಗೆ ಸೆಳೆದವು. ತಾವೂ ಜೊತೆಗೆ ಬರುವುದಾಗಿ ಕೇಳಿದರೆ ಹಾನ್ಸ್ ಒಪ್ಪಲಿಲ್ಲ. ಅಪಾಯದ ಕೆಲಸದಲ್ಲಿ ಹೆಂಗಸರಿಗೆ ಜಾಗವಿಲ್ಲ ಎಂಬುದು ಅಂದಿನ ಕಾಲದ ಮಾತಾಗಿತ್ತು.

ಲೊಟ್ಟೆ ವಾದಕ್ಕೆ ಇಳಿಯಲಿಲ್ಲ. ಹಾನ್ಸ್ ಪ್ರವಾಸದಲ್ಲಿದ್ದಾಗ ಕ್ಯಾಮೆರಾ ತೆಗೆದುಕೊಂಡು ಡಾನ್ಯೂಬ್ ನದಿಯ ನೀರಿಗೆ ಇಳಿದು ಅಭ್ಯಾಸ ಮಾಡಿದರು. ಆ ಚಿತ್ರಗಳು ವಿಯೆನ್ನಾದ ಪತ್ರಿಕೆಯಲ್ಲಿ ಅಚ್ಚಾದವು. 1950ರಲ್ಲಿ ಕೆಂಪು ಸಮುದ್ರಕ್ಕೆ ಹೊರಟ ತಂಡದಲ್ಲಿ ಕೊನೆಗೂ ಅವರಿಗೆ ಸ್ಥಾನ ಸಿಕ್ಕಿತು. ಹಜ್ಜ್ ಮತ್ತು ಉಮ್ರಾಕ್ಕೆ ಹೋದವರು ಜಿದ್ದಾದಲ್ಲಿ ನೋಡುವುದು ಇದೇ ಕೆಂಪು ಸಮುದ್ರವನ್ನು. ಅದರ ಆಚೆ ದಡದ ಪೋರ್ಟ್ ಸುಡಾನ್ ಬಳಿ ಈ ತಂಡ ಚಿತ್ರೀಕರಣ ನಡೆಸಿತು. 1951ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಆ ಚಿತ್ರಕ್ಕೆ ಬಹುಮಾನ ಬಂತು. ಹಾನ್ಸ್ ಅವರನ್ನು ಮದುವೆಯಾದ ಲೊಟ್ಟೆ, ನೀರಿನಡಿಯ ಛಾಯಾಗ್ರಹಣದಲ್ಲಿ ಹೆಸರು ಮಾಡಿದ ಮೊದಲ ಮಹಿಳೆಯರಲ್ಲಿ ಒಬ್ಬರಾದರು. ಅವರು 2015ರಲ್ಲಿ ತೀರಿಕೊಂಡರು. ನದಿಯ ನೀರಿನಲ್ಲಿ ಒಬ್ಬಳೇ ಮಾಡಿದ ಅಭ್ಯಾಸ ಅವರನ್ನು ಕೆಂಪು ಸಮುದ್ರದವರೆಗೆ ಕರೆದೊಯ್ದಿತ್ತು.

ನಲವತ್ತೊಂಬತ್ತರಲ್ಲಿ ನೀರಿಗಿಳಿದ ಗೃಹಿಣಿ

ಇದೆಲ್ಲ ಯುರೋಪಿನ ಕತೆ, ಅದೂ ಹರೆಯದ ಹುಡುಗಿಯ ಕತೆ ಎನ್ನುವಿರಾ? ಹಾಗಾದರೆ ತಮಿಳುನಾಡಿನ ದಿಂಡಿಗಲ್ಲಿನ ಉಮಾ ಮಣಿ ಅವರ ಬದುಕನ್ನು ನೋಡಿ. ದಿಂಡಿಗಲ್ ಕೂಡ ಒಳನಾಡಿನ ಊರು. ಉಮಾ ಗೃಹಿಣಿ. ಗಂಡನ ಉದ್ಯೋಗದ ಕಾರಣ ಕುಟುಂಬ ಮಾಲ್ಡೀವ್ಸ್‌ನಲ್ಲಿ ನೆಲೆಸಿತ್ತು. ಸುತ್ತಲೂ ಕಡಲಿದ್ದರೂ ಅವರಿಗೆ ಈಜು ಬರುತ್ತಿರಲಿಲ್ಲ. ಅಲ್ಲಿ ಹವಳದ ದಿಬ್ಬಗಳ ಕುರಿತ ಒಂದು ಸಾಕ್ಷ್ಯಚಿತ್ರ ನೋಡಿದ ಮೇಲೆ ಅವರು ಹವಳಗಳ ಚಿತ್ರ ಬಿಡಿಸತೊಡಗಿದರು. ಕಂಡದ್ದನ್ನು ಬಿಡಿಸುವುದಕ್ಕೂ ಊಹಿಸಿದ್ದನ್ನು ಬಿಡಿಸುವುದಕ್ಕೂ ಇರುವ ಅಂತರ ಅವರನ್ನು ಕಾಡಿರಬೇಕು. 49ನೇ ವಯಸ್ಸಿನಲ್ಲಿ ಈಜು ಮತ್ತು ಡೈವಿಂಗ್ ಎರಡನ್ನೂ ಕಲಿತು ನೀರಿಗಿಳಿದರು.

ಕೆಳಗೆ ಅವರಿಗೆ ಕಂಡದ್ದು ಬರೀ ಬಣ್ಣಗಳಲ್ಲ. ಸತ್ತು ಬೂದು ಬಣ್ಣಕ್ಕೆ ತಿರುಗಿದ ಹವಳಗಳೂ ಕಂಡವು. ಅಂದಿನಿಂದ ಅವರ ಕುಂಚ ಸೊಬಗಿನ ಜೊತೆಗೆ ಸಾವಿನ ಸುದ್ದಿಯನ್ನೂ ಹೇಳತೊಡಗಿತು. ಅವರ ಕುರಿತು ಪ್ರಿಯಾ ತುವಶ್ಶೇರಿ ನಿರ್ದೇಶಿಸಿದ ‘ಕೋರಲ್ ವುಮನ್’ ಎಂಬ ಸಾಕ್ಷ್ಯಚಿತ್ರ 2019ರಲ್ಲಿ ಹೊರಬಂತು. ಮಕ್ಕಳು ದೊಡ್ಡವರಾದರು, ಇನ್ನು ನನಗೇನು ಉಳಿದಿದೆ ಎಂದು ನಿಟ್ಟುಸಿರು ಬಿಡುವ ವಯಸ್ಸಿನಲ್ಲಿ ಅವರಿಗೆ ಒಂದು ಹೊಸ ಕೆಲಸ ಸಿಕ್ಕಿತು.

ವಯಸ್ಸಿನ ಮಾತು ಬಂದಾಗ ದಕ್ಷಿಣ ಕೊರಿಯಾದ ಜೆಜು ದ್ವೀಪದ ‘ಹೆನ್ಯೊ’ ಎಂಬ ಮುಳುಗುಗಾರ್ತಿಯರನ್ನು ನೆನೆಯದೆ ಇರಲಾಗದು. ಇವರು ಸಿಲಿಂಡರ್ ಇಲ್ಲದೆ, ಉಸಿರು ಬಿಗಿಹಿಡಿದು ಸುಮಾರು 10 ಮೀಟರ್ ಆಳಕ್ಕೆ ಮುಳುಗಿ ಚಿಪ್ಪು, ಕಡಲಪಾಚಿ ಆಯ್ದು ತರುತ್ತಾರೆ. ಅದರಿಂದಲೇ ಸಂಸಾರ ಸಾಗಿಸುತ್ತಾರೆ. ಇಂದು ಇವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು, ಎಂಬತ್ತು ದಾಟಿದವರೂ ಇದ್ದಾರೆ. 2016ರಲ್ಲಿ ಯುನೆಸ್ಕೊ ಇವರ ಪರಂಪರೆಯನ್ನು ಮಾನವಕುಲದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದೇಶದ ರಾಮನಾಥಪುರಂ ಕರಾವಳಿಯಲ್ಲೂ ಕಡಲಪಾಚಿಗಾಗಿ ಮುಳುಗುವ ಬಡ ಮಹಿಳೆಯರಿದ್ದಾರೆ.

ಉಸಿರೇ ಮೊದಲ ಪಾಠ

ನೀರಿನಡಿ ಉಸಿರಾಡಲು ಮನುಷ್ಯನು ತಾನೇ ಹೊತ್ತೊಯ್ಯುವ ಉಪಕರಣ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳು ಸೇರಿ ‘ಸ್ಕೂಬಾ’ ಆಗಿದೆ. ಇಂದಿನ ಉಪಕರಣದ ಮೂಲರೂಪವನ್ನು 1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ತೊ ಮತ್ತು ಎಮಿಲ್ ಗಾನ್ಯಾ ರೂಪಿಸಿದರು. ಬೆನ್ನಿನ ಸಿಲಿಂಡರಿನಲ್ಲಿರುವುದು ಆಮ್ಲಜನಕ ಎಂದು ಅನೇಕರು ತಿಳಿದಿದ್ದಾರೆ. ಸಾಮಾನ್ಯ ಡೈವಿಂಗ್‌ನಲ್ಲಿ ಅದರಲ್ಲಿರುವುದು ನಾವು ಉಸಿರಾಡುವ ಇದೇ ಗಾಳಿ, ಒತ್ತಡದಿಂದ ತುಂಬಿದ್ದು ಅಷ್ಟೆ. ಬಾಯಲ್ಲಿ ಕಚ್ಚಿಹಿಡಿಯುವ ರೆಗ್ಯುಲೇಟರ್ ಆ ಗಾಳಿಯನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದಿಸಿ ಬೇಕಾದಷ್ಟೇ ಕೊಡುತ್ತದೆ.

ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒತ್ತಡವು ನೆಲದ ಮೇಲಿನ ಗಾಳಿಯ ಒತ್ತಡದಷ್ಟು ಏರುತ್ತಾ ಹೋಗುತ್ತದೆ. ಆದ್ದರಿಂದ ಇಳಿಯುವಾಗ ಕಿವಿಯಲ್ಲಿ ಬಿಗಿತ ಉಂಟಾಗುತ್ತದೆ. ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿದರೆ ಅದು ಬಿಡುತ್ತದೆ. ಕಿವಿ ನೋಯುತ್ತಿದ್ದರೆ ಮುಂದೆ ಇಳಿಯಲೇಬಾರದು. ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ. ನೀರಿನಡಿ ಎಂದೂ ಉಸಿರು ಬಿಗಿಹಿಡಿಯಬಾರದು. ಮೇಲೇರುವಾಗ ಒತ್ತಡ ತಗ್ಗಿ ಶ್ವಾಸಕೋಶದಲ್ಲಿನ ಗಾಳಿ ಹಿಗ್ಗುತ್ತದೆ. ಉಸಿರು ಬಿಗಿಹಿಡಿದು ಏರಿದರೆ ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ. ಬೇಗನೆ ಏರಿದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟಿ ಪ್ರಾಣಕ್ಕೇ ಅಪಾಯ ತರಬಹುದು.

ಗಾಬರಿಯಾದಾಗ ಉಸಿರು ಕಟ್ಟುವುದು ನಮ್ಮ ಸ್ವಭಾವ. ಗಾಬರಿಯಲ್ಲೂ ಸಮವಾಗಿ, ನಿಧಾನವಾಗಿ ಉಸಿರಾಡುವುದನ್ನು ಡೈವಿಂಗ್ ಕಲಿಸುತ್ತದೆ. ಈ ಪಾಠಕ್ಕೆ ಬಲಕ್ಕಿಂತ ತಾಳ್ಮೆ ಹೆಚ್ಚು ಬೇಕು. ಮನೆಯಲ್ಲಿ ಹತ್ತು ಕೆಲಸಗಳ ನಡುವೆ ತಾಳ್ಮೆಯನ್ನೇ ಬಂಡವಾಳ ಮಾಡಿಕೊಂಡ ಗೃಹಿಣಿಗೆ ಇದು ತೀರಾ ಅಪರಿಚಿತ ಪಾಠವೇನಲ್ಲ.

ಬಣ್ಣ ಕದಿಯುವ ನೀರು

ಡೈವಿಂಗ್ ಕಲಿತವರು ಕ್ಯಾಮೆರಾ ಹಿಡಿದಾಗ ಇನ್ನೊಂದು ಪಾಠ ಆರಂಭವಾಗುತ್ತದೆ. ನೀರು ಬೆಳಕನ್ನು ಹೀರುತ್ತದೆ, ಅದರಲ್ಲೂ ಕೆಂಪನ್ನು ಎಲ್ಲಕ್ಕಿಂತ ಮೊದಲು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮಂಕಾಗುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಕೊನೆಗೆ ಉಳಿಯುವುದು ಹಸಿರು ಮತ್ತು ನೀಲಿ. ನಿಮ್ಮ ಕೈಯ ಮೆಹಂದಿ ಆಳದಲ್ಲಿ ಕೆಂಪಾಗಿ ಕಾಣಿಸದು. ಟಾರ್ಚ್ ಅಥವಾ ಫ್ಲ್ಯಾಶ್ ಬೆಳಕು ಬಿದ್ದ ಕ್ಷಣ ಬೂದು ಬಣ್ಣದ ಬಂಡೆಯೆಂದು ತೋರುತ್ತಿದ್ದದ್ದು ಕೆಂಪು, ಕೇಸರಿಯಾಗಿ ಅರಳಿಬಿಡುತ್ತದೆ. ಅನೇಕರನ್ನು ಈ ಹವ್ಯಾಸಕ್ಕೆ ಜೀವನಪರ್ಯಂತ ಕಟ್ಟಿಹಾಕುವುದು ಈ ಒಂದು ಕ್ಷಣವೇ.

ಫ್ರಾನ್ಸಿನ ಲೂಯಿ ಬೂತಾ 1893ರಲ್ಲಿ ನೀರಿನಡಿ ಚಿತ್ರ ತೆಗೆದಾಗ ಭಾರಿ ಪೆಟ್ಟಿಗೆಗಳನ್ನು ಕಡಲಿಗೆ ಇಳಿಸಬೇಕಾಗಿತ್ತು. ನೀರಿನಡಿಯ ಮೊದಲ ಬಣ್ಣದ ಚಿತ್ರಗಳನ್ನು 1926ರಲ್ಲಿ ಅಮೆರಿಕದ ಫ್ಲೋರಿಡಾ ಬಳಿ ಲಾಂಗ್ಲಿ ಮತ್ತು ಮಾರ್ಟಿನ್ ತೆಗೆದರು. ಬೆಳಕಿಗಾಗಿ ಅವರು ನೀರಿನ ಮೇಲೆ ಮೆಗ್ನೀಸಿಯಂ ಪುಡಿಯನ್ನು ಸಿಡಿಸುತ್ತಿದ್ದರು. ಇಂದು ಅಂಗೈಯಲ್ಲಿ ಹಿಡಿಯುವ ಗೋಪ್ರೋದಂಥ ಕ್ಯಾಮೆರಾ ಸಾಕು. ಸಾಮಾನ್ಯ ಕ್ಯಾಮೆರಾ ಆದರೆ ನೀರು ಹೋಗದ ಗಟ್ಟಿ ಕವಚ ಬೇಕು. ಆ ಕವಚದ ರಬ್ಬರ್ ಉಂಗುರದಲ್ಲಿ ಒಂದು ಕೂದಲೆಳೆಯೋ ಮರಳಿನ ಕಣವೋ ಸಿಕ್ಕಿಕೊಂಡರೂ ನೀರು ನುಗ್ಗಿ ಕ್ಯಾಮೆರಾ ಹಾಳಾಗುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಒರೆಸಿ ಕೂಡಿಸುವ ಎಚ್ಚರ ಇಲ್ಲಿಯೂ ಬೇಕು.

ಇನ್ನೊಂದು ಮಾತು. ನೀರಿನಡಿ ದೂರದಿಂದ ತೆಗೆದ ಚಿತ್ರ ಮಬ್ಬಾಗುತ್ತದೆ, ಹತ್ತಿರ ಹೋಗಲೇಬೇಕು. ಆದರೆ ಮುಟ್ಟಬಾರದು. ಹವಳ ಕಲ್ಲಲ್ಲ, ಗಿಡವಲ್ಲ. ಅದು ಸಣ್ಣ ಸಣ್ಣ ಜೀವಿಗಳ ಬೀಡು. ಕಾಲಿನ ಒಂದು ಒದೆತಕ್ಕೆ ಹಲವು ವರ್ಷಗಳ ಬೆಳವಣಿಗೆ ಮುರಿದು ಬೀಳಬಹುದು. ಹವಳದ ದಿಬ್ಬದ ತುಂಡನ್ನು ನೆನಪಿಗೆಂದು ತರುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು. ಅಲ್ಲಿಂದ ತರಬಹುದಾದದ್ದು ಚಿತ್ರ ಮಾತ್ರ.

ಚಿತ್ರಗಳು ಹೇಳುವ ಸಾಕ್ಷಿ

ಸೂರಃ ಅರ್ರಹ್ಮಾನ್‌ನಲ್ಲಿ ಸಮುದ್ರದ ಅನುಗ್ರಹಗಳಾಗಿ ಮುತ್ತು ಮತ್ತು ಹವಳಗಳ ಉಲ್ಲೇಖವಿದೆ. ನಾವು ಹವಳ ಎಂದಾಗ ಉಂಗುರದ ಕೆಂಪು ಹರಳನ್ನು ನೆನೆಯುತ್ತೇವೆ. ಕಡಲಿನಡಿ ಹವಳದ ದಿಬ್ಬಗಳು ಮಾಡುವ ಕೆಲಸ ಅದಕ್ಕಿಂತ ಎಷ್ಟೋ ದೊಡ್ಡದು. ಅವು ಹರಡಿರುವುದು ಸಮುದ್ರ ತಳದ ನೂರರಲ್ಲಿ ಒಂದು ಪಾಲಿಗೂ ಕಡಿಮೆ ಜಾಗದಲ್ಲಿ. ಆದರೆ ಕಡಲಿನ ಜೀವಜಾತಿಗಳಲ್ಲಿ ಸುಮಾರು ಕಾಲು ಭಾಗಕ್ಕೆ ಅವೇ ಆಸರೆ. ಮೀನುಗಾರರ ಮನೆಯ ಒಲೆ ಉರಿಯುವುದಕ್ಕೂ, ದ್ವೀಪಗಳ ದಡ ಅಲೆಗೆ ಕೊಚ್ಚಿಹೋಗದಿರುವುದಕ್ಕೂ ಅವು ಕಾರಣ.

ಹವಳದ ಜೀವಿಗಳ ಒಡಲಲ್ಲಿ ವಾಸಿಸುವ ಪಾಚಿ ಅವಕ್ಕೆ ಬಣ್ಣವನ್ನೂ ಆಹಾರವನ್ನೂ ಕೊಡುತ್ತದೆ. ನೀರಿನ ಬಿಸಿ ಹೆಚ್ಚಾದಾಗ ಆ ಪಾಚಿಯನ್ನು ಹವಳ ಹೊರದಬ್ಬುತ್ತದೆ, ಬೆಳ್ಳಗಾಗುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ನಮ್ಮ ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಇಡೀ ಜಗತ್ತಿನಲ್ಲಿ ಹವಳಗಳು ಬಿಳುಪಾಗುತ್ತಿರುವುದನ್ನು ಅಧಿಕೃತವಾಗಿ ಸಾರಿದರು. ಇಂಥ ಘೋಷಣೆ ಅದು ನಾಲ್ಕನೆಯದು. ದಡದ ಮೇಲೆ ನಿಂತವರಿಗೆ ಕಡಲು ಎಂದಿನಂತೆಯೇ ನೀಲಿ. ಅದರ ಅಡಿಯಲ್ಲಿ ಏನಾಗಿದೆ ಎಂಬುದನ್ನು ಮೇಲೆ ತಂದು ತೋರಿಸುವುದು ಕೆಳಗೆ ಇಳಿದವರ ಕ್ಯಾಮೆರಾ. ಹವ್ಯಾಸವಾಗಿ ಆರಂಭವಾದದ್ದು ಸಾಕ್ಷಿ ಹೇಳುವ ಹೊಣೆಯಾಗಿ ಬದಲಾಗುವುದು ಹೀಗೆ.

ನಮಗೆ ಹತ್ತಿರದ ಕಡಲು

ಕೃಷ್ಣೆಯಲ್ಲೇ ಡೈವಿಂಗ್ ಮಾಡಬಾರದೇ ಎಂದು ಯಾರಾದರೂ ಕೇಳಬಹುದು. ಬೇಡ. ಮಳೆಗಾಲದ ಕೆಂಪು ನೀರಿನಲ್ಲಿ ಮುಂದಿನ ಕೈಯೂ ಕಾಣದು. ಸೆಳವು, ಹೂಳು, ಮರಳು ತೆಗೆದ ಗುಂಡಿಗಳು, ಅಲ್ಲಲ್ಲಿ ಮೊಸಳೆಗಳು, ಎಲ್ಲವೂ ಅಲ್ಲಿವೆ.

ನಮ್ಮ ತಾಲೂಕುಗಳಿಗೆ ಹತ್ತಿರವಾದದ್ದು ಮಹಾರಾಷ್ಟ್ರದ ಮಾಲವಣ. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ದಾಟಿ ಆಂಬೋಲಿ ಘಾಟ ಇಳಿದರೆ ಸಾವಂತವಾಡಿ, ಅಲ್ಲಿಂದ ಮುಂದೆ ಮಾಲವಣ. ಅಲ್ಲಿನ ಕಡಲಿನ ಒಂದು ಭಾಗವನ್ನು 1987ರಲ್ಲಿ ಸಾಗರ ಅಭಯಾರಣ್ಯವೆಂದು ಘೋಷಿಸಲಾಗಿದೆ. ಹತ್ತಿರದ ತಾರ್ಕರ್ಲಿಯಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ಸ್ಕೂಬಾ ತರಬೇತಿ ಸಂಸ್ಥೆ ಇದೆ. ಗೋವಾದಲ್ಲಿ ಗ್ರಾಂಡೆ ದ್ವೀಪದ ಸುತ್ತ ಡೈವಿಂಗ್ ನಡೆಯುತ್ತದೆ. ಕರ್ನಾಟಕದಲ್ಲಾದರೆ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ. ಮಳೆಗಾಲದಲ್ಲಿ ಕಡಲು ಕೆರಳಿರುವುದರಿಂದ ಅಕ್ಟೋಬರಿನಿಂದ ಮೇ ತಿಂಗಳವರೆಗಷ್ಟೇ ಇದಕ್ಕೆ ಕಾಲ.

ಒಂದು ಎಚ್ಚರಿಕೆಯನ್ನು ನಮ್ಮ ಸೀಮೆಯವರು ವಿಶೇಷವಾಗಿ ಗಮನಿಸಬೇಕು. ಡೈವಿಂಗ್ ಮಾಡಿದ ಕೂಡಲೇ ವಿಮಾನ ಹತ್ತಬಾರದು ಎಂಬುದು ಎಲ್ಲ ಕಡೆ ಹೇಳುವ ನಿಯಮ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ದೇಹದಲ್ಲಿ ಉಳಿದ ಸಾರಜನಕ ಗುಳ್ಳೆಗಟ್ಟಬಹುದು. ಘಟ್ಟ ಹತ್ತುವುದಕ್ಕೂ ಇದೇ ಲೆಕ್ಕ. ಆಂಬೋಲಿ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಬೆಳಿಗ್ಗೆ ಮುಳುಗಿ ಸಂಜೆಗೆ ಘಟ್ಟ ಹತ್ತಿ ಮನೆ ಸೇರುವ ಅವಸರ ಬೇಡ. ಆ ರಾತ್ರಿ ಕೆಳಗೇ ತಂಗಿ, ತರಬೇತುದಾರರನ್ನು ಕೇಳಿಯೇ ಹೊರಡಿ.

ಉಡುಪು, ಆರೋಗ್ಯ, ಖರ್ಚು

ನಮ್ಮ ಸಹೋದರಿಯರು ಮೊದಲು ಕೇಳುವುದು ಉಡುಪಿನ ಬಗ್ಗೆ. ಡೈವಿಂಗ್‌ನಲ್ಲಿ ಧರಿಸುವ ವೆಟ್‌ಸೂಟ್ ಕುತ್ತಿಗೆಯಿಂದ ಕಾಲಿನವರೆಗೆ ಮೈ ಮುಚ್ಚುವ ದಪ್ಪ ರಬ್ಬರಿನಂಥ ಬಟ್ಟೆ. ತಲೆಗೂ ಹೊದಿಕೆ ಸಿಗುತ್ತದೆ. ಚಳಿ ಮತ್ತು ಗೀರುಗಳಿಂದ ಕಾಪಾಡಲು ಗಂಡಸರೂ ಹೀಗೆಯೇ ಧರಿಸುತ್ತಾರೆ. ಅದು ಮೈಗೆ ಅಂಟುತ್ತದೆ ಎಂಬ ಸಂಕೋಚವಿದ್ದರೆ ಮೇಲೆ ಇನ್ನೊಂದು ಹಗುರ ಉಡುಪು ಹಾಕಬಹುದೇ ಎಂದು ತರಬೇತುದಾರರಲ್ಲಿ ಕೇಳಿ, ಉಪಕರಣಕ್ಕೆ ಸಿಕ್ಕಿಕೊಳ್ಳದಂತೆ ಇರಬೇಕು ಅಷ್ಟೆ. ಮಹಿಳಾ ತರಬೇತುದಾರರಿದ್ದಾರೆಯೇ ಎಂದು ಮುಂಚೆಯೇ ವಿಚಾರಿಸಬಹುದು. ಸೌದಿ ಅರೇಬಿಯಾದ ನೌಫ್ ಅಲ್ ಉಸೈಮಿ ಎಂಬ ತರಬೇತುದಾರ್ತಿ ಮಹಿಳೆಯರಿಗೆಂದೇ ಡೈವಿಂಗ್ ತಂಡ ಕಟ್ಟಿದ್ದಾರೆ.

ಆಸ್ತಮಾ, ಹೃದಯದ ಕಾಯಿಲೆ, ಕಿವಿಯ ತೊಂದರೆ, ಮೂರ್ಛೆ ಇರುವವರು ವೈದ್ಯರ ಒಪ್ಪಿಗೆ ಇಲ್ಲದೆ ಇಳಿಯಬಾರದು. ಗರ್ಭಿಣಿಯರು ಇಳಿಯಲೇಬಾರದು. ನೆಗಡಿಯಿದ್ದರೂ ಆ ದಿನ ಬಿಡುವುದು ಒಳ್ಳೆಯದು. ಆರೋಗ್ಯದ ಪ್ರಶ್ನೆಪತ್ರಿಕೆಯನ್ನೇ ಕೊಡದೆ ನೇರ ದೋಣಿ ಹತ್ತಿಸುವ ಕಡೆ ಹೋಗಬೇಡಿ. ಒಂದು ಬಾರಿಯ ಪರಿಚಯ ಡೈವಿಂಗ್‌ಗೆ ಈಜು ಕಡ್ಡಾಯವಲ್ಲ, ತರಬೇತುದಾರರು ಜೊತೆಗೇ ಇರುತ್ತಾರೆ, ಖರ್ಚು ಕೆಲವು ಸಾವಿರ ರೂಪಾಯಿ. ಮುಂದುವರಿಯಬೇಕೆಂದರೆ ಮೂರು ನಾಲ್ಕು ದಿನಗಳ ಮೊದಲ ಹಂತದ ತರಬೇತಿ ಇದೆ. ಅದಕ್ಕೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಉತ್ತೀರ್ಣರಾದವರು 18 ಮೀಟರ್ ಆಳದವರೆಗೆ ಜೊತೆಗಾರರೊಂದಿಗೆ ಇಳಿಯಬಹುದು. ಇದಕ್ಕೆ ಇಪ್ಪತ್ತು ಸಾವಿರ ರೂಪಾಯಿಗೂ ಹೆಚ್ಚು ಬೇಕು. ಎಲ್ಲ ಮನೆಗಳಿಗೂ ಇದು ಎಟುಕುವ ಮೊತ್ತವಲ್ಲ.

ಮೊದಲು ಈಜು

ಆದರೆ ಇದರ ಮೊದಲ ಮೆಟ್ಟಿಲು ಎಲ್ಲರಿಗೂ ಎಟುಕಬೇಕಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಮಕ್ಕಳ ಪಾಲು ದೊಡ್ಡದು. ನದಿ, ಕಾಲುವೆ, ಕೃಷಿಹೊಂಡಗಳ ನಡುವೆ ಬದುಕುವ ನಮ್ಮ ತಾಲೂಕುಗಳಲ್ಲಿ ಬಟ್ಟೆ ಒಗೆಯಲು ಹೋಗಿ ಕಾಲು ಜಾರಿದವಳ, ಅವಳನ್ನು ಎಳೆಯಲು ಹೋಗಿ ತಾನೂ ಹೋದ ಅಕ್ಕನ ಸುದ್ದಿ ಕೇಳದ ಊರು ವಿರಳ. ಮಗಳು ನೀರಿಗೆ ಹೆದರಿಕೊಂಡು ಬೆಳೆದರೆ ಸುರಕ್ಷಿತವಾಗಿರುತ್ತಾಳೆ ಎಂದು ನಾವು ನಂಬಿದ್ದೇವೆ. ಕಾಲು ಜಾರಿದ ಗಳಿಗೆಯಲ್ಲಿ ಆ ಹೆದರಿಕೆ ಅವಳನ್ನು ತೇಲಿಸುವುದಿಲ್ಲ.

ಮರೆ ಇರುವ ಕಡೆ, ಹೆಂಗಸರಿಗೆಂದೇ ಇಟ್ಟ ಹೊತ್ತಿನಲ್ಲಿ, ಬಲ್ಲ ಹೆಂಗಸರ ಅಥವಾ ಮನೆಯವರ ಕಾವಲಿನಲ್ಲಿ ಹೆಣ್ಣು ಮಕ್ಕಳಿಗೆ ಈಜು ಕಲಿಸುವುದು ಕಷ್ಟವೇ? ನಾಲ್ಕು ಮನೆಗಳ ತಾಯಂದಿರು ಕೂಡಿ ಮಾತಾಡಿದರೆ ಬಾವಿಯೊಂದನ್ನು ವಾರಕ್ಕೆರಡು ದಿನ ಮಕ್ಕಳಿಗಾಗಿ ಬಿಡಿಸಿಕೊಳ್ಳಬಹುದು. ಸಮೀಪದ ನಗರಗಳಲ್ಲಿ ಈಜುಕೊಳವಿದ್ದರೆ ಮಹಿಳೆಯರ ಸಮಯ ಕೇಳಿ ಪಡೆಯಬಹುದು. ಈಜು ಕಲಿತವರೆಲ್ಲ ಡೈವರ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಅವರಲ್ಲಿ ಒಬ್ಬಳು ಮುಂದೆಂದೋ ಮಾಲವಣದಲ್ಲೋ ನೇತ್ರಾಣಿಯಲ್ಲೋ ದೋಣಿಯ ಅಂಚಿನಲ್ಲಿ ಕೂತು ಮಾಸ್ಕ್ ಏರಿಸಿಕೊಂಡಾಳು. ಈ ಬೇಸಿಗೆ ರಜೆಗೆ ಅಣ್ಣನನ್ನು ಬಾವಿಗೆ ಕರೆದೊಯ್ಯುವಾಗ ತಂಗಿಗೂ ಒಂದು ಡಬ್ಬಿ ತೆಗೆದಿಡಿ.